ನೆರಳಿನ ಋಣ

ಅಮೆರಿಕದ ಒಂದು ಬಗೆಯ ಅಪರಾಧಚಿತ್ರಗಳಿಗೆ 'ಫಿಲ್ಮ್ ನ್ವಾರ್' ಎಂದು ಹೆಸರು. 'ಕಪ್ಪು ಚಿತ್ರ' ಎಂದು ಅದರ ಅರ್ಥ. ಚಿತ್ರಗಳು ಅಮೆರಿಕದವು, ಹೆಸರು ಫ್ರೆಂಚರದು, ಇದೆಂತಹ ವಿಚಿತ್ರ! 1946ರಲ್ಲಿ ಪ್ಯಾರಿಸ್ಸಿನ ವಿಮರ್ಶಕ ನಿನೋ ಫ್ರಾಂಕ್ ಅವನ್ನು ಹಾಗೆ ಕರೆದನೆಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಆದರೆ ಫ್ರೆಂಚ್ ಪತ್ರಿಕೆಗಳು 1930ರ ದಶಕದ ಕೊನೆಯಲ್ಲಿಯೇ ತಮ್ಮ ನಾಡಿನ ಚಿತ್ರಗಳಿಗೆ ಈ ಹೆಸರನ್ನು ಬಳಸಿದ್ದವು.

ಆ ಕಾಲದ ಶ್ರೇಷ್ಠ ಕೃತಿಗಳಲ್ಲೊಂದು ಮಾರ್ಸೆಲ್ ಕಾರ್ನೆಯ 'ಲ ಜೂರ್ ಸೆ ಲೆವ್' (1939), ಎಂದರೆ 'ಬೆಳಗಾಗುತ್ತಿದೆ'. ಕೊಲೆ ಮಾಡಿದ ಕಾರ್ಮಿಕನೊಬ್ಬನು ಮೇಲಂತಸ್ತಿನ ಕೋಣೆಯಲ್ಲಿ ಬಾಗಿಲಿಕ್ಕಿಕೊಂಡಿದ್ದಾನೆ. ಪೊಲೀಸರು ಮನೆಯನ್ನು ಮುತ್ತಿದ್ದಾರೆ. ಇರುಳೆಲ್ಲ ಕಳೆದುದನ್ನು ನೆನೆದು, ಬೆಳಗಿನ ಹೊತ್ತಿಗೆ ತಾನೇ ಗುಂಡು ಹಾರಿಸಿಕೊಂಡು ಮಡಿಯುತ್ತಾನೆ. ಆಮೇಲೆ ಆತನನ್ನು ಎಬ್ಬಿಸುವ ಗಡಿಯಾರ ಬಾರಿಸತೊಡಗುತ್ತದೆ; ಏಳಲು ಆತನಿಲ್ಲ.

1947ರಲ್ಲಿ ಅಮೆರಿಕದ ಆರ್.ಕೆ.ಓ. ಸಂಸ್ಥೆ ಇದೇ ಕಥೆಯನ್ನು 'ದಿ ಲಾಂಗ್ ನೈಟ್' ಎಂಬ ಹೆಸರಿನಿಂದ ತೆರೆಗೆ ತಂದಿತು. ನೆರಳೂ ಬಂದಿತು, ನೆನಪಿನ ಹೆಣಿಗೆಯೂ ಬಂದಿತು. ಆ ಸಾವು ಮಾತ್ರ ಬರಲಿಲ್ಲ. ಹೆನ್ರಿ ಫೋಂಡಾ ವಹಿಸಿದ ನಾಯಕ ಪ್ರೇಯಸಿಯ ಮಾತಿಗೆ ಓಗೊಟ್ಟು ಶರಣಾಗಿ ಬದುಕುತ್ತಾನೆ. ಇಷ್ಟನ್ನು ಕ್ಷಮಿಸಬಹುದಿತ್ತು. ಮೂಲಚಿತ್ರದ ಪ್ರತಿಗಳನ್ನು ಕೊಂಡು ನಾಶಮಾಡಲೂ ಸಂಸ್ಥೆ ಹೊರಟಿತು! ಅದು ಅಳಿದೇಹೋಯಿತೆಂದು ಅಂಜಿದವರುಂಟು; 1950ರ ದಶಕದಲ್ಲಿ ಮತ್ತೆ ಬೆಳಕಿಗೆ ಬಂದಿತು.

ಕಡ ತರುವುದು ಕಲೆಯಲ್ಲಿ ದೋಷವಲ್ಲ. ಜಾನ್ ರನ್ವಾರನ 'ಲಾ ಶಿಯೆನ್' (1931) ಚಿತ್ರದ ಕಥೆಯಿಂದ ಫ್ರಿಟ್ಜ್ ಲಾಂಗ್ 1945ರಲ್ಲಿ 'ಸ್ಕಾರ್ಲೆಟ್ ಸ್ಟ್ರೀಟ್' ನಿರ್ಮಿಸಿದ. ರಸಿಕರು ಇಂದಿಗೂ ಎರಡನ್ನೂ ನೋಡಿ ಮೆಚ್ಚುತ್ತಾರೆ. ಕಡ ಕೊಟ್ಟವನ ಮನೆಗೆ ಕಿಚ್ಚಿಡುವುದಷ್ಟೇ ದೋಷ.