ನಮ್ಮ ಪಾಳಿ ಬಂದಾಗ

ಹೋಟೆಲ್ಲಿಗೆ ಹೋದಾಗ ಎಲ್ಲಾರೂ ತಮ್ಮ ತಮ್ಮದು ಹೇಳಿದ ಮ್ಯಾಲೆ ನಮ್ಮ ಪಾಳಿ. "ನನಗೇನೂ ಬ್ಯಾಡ, ಹುಡುಗ್ರು ಬಿಟ್ಟದ್ದ ನಡೀತದ" ಅಂದುಬಿಡ್ತೀವಿ. ಉಳಿಯೋದೇನು? ತಣ್ಣಗಾದ ಗೋಬಿ ಮಂಚೂರಿ, ಪಲ್ಯಾ ತೆಗದ ಮಸಾಲಿ ದ್ವಾಸಿ ಅಂಚು!

ಇದು ಉಳಿತಾಯ ಅಲ್ರೀ ಅಕ್ಕಾರ. ನಮ್ಮತ್ತಿಯವರು ಎಂಬತ್ತು ವರ್ಷ ಬಾಳಿದ್ರು. ಹೋಟೆಲ್‌ನ್ಯಾಗ ಅವರಿಗೆ ಏನು ಸೇರ್ತಿತ್ತು ಅಂತ ಇವತ್ತಿಗೂ ಮನ್ಯಾಗ ಒಬ್ರಿಗೂ ಗೊತ್ತಿಲ್ಲ.

ನಾನಂತೂ ಖಾನಾವಳಿಗೆ ಹೋದ್ರ ಜೋಳದ ರೊಟ್ಟಿ, ಎಣ್ಣಿಗಾಯಿನ ಹೇಳ್ತೀನಿ. "ದಿನಾ ಮನ್ಯಾಗ ಮಾಡ್ತಿಯಲ್ಲ, ಇಲ್ಲೂ ಅದ ಯಾಕ?" ಅಂತ ನಮ್ಮ ಮನಿಯವರ ತಕರಾರು. ಮಾಡ್ತೀನಿ ಖರೆ. ಆದ್ರ ಎಲ್ಲಾರಿಗೂ ನೀಡಿ ನಾ ಕೂಡೂದ್ರಾಗ ರೊಟ್ಟಿ ಆರಿರ್ತದ. ಇಲ್ಲಿ ಬ್ಯಾರೆಯವರು ಬಡದ ಬಿಸಿ ರೊಟ್ಟಿ, ಬಾಜೂಕ ಶೇಂಗಾ ಚಟ್ನಿ, ಗಟ್ಟಿ ಮೊಸರು. ಎರಡನೇ ರೊಟ್ಟಿಗೂ ನಾ ಏಳೂದಿಲ್ಲ.