ವಿಧಿ ಎನ್ನುವ ಮೊದಲು ಫೈಲು ಕೇಳಿ

ಆಸ್ಪತ್ರೆಯಲ್ಲಿ ಏನೋ ಎಡವಟ್ಟಾಗಿದೆ ಎಂಬ ಸಂಶಯ ಬಂದಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಹುಡುಗರು ಗುಂಪು ಸೇರಿ ಆಸ್ಪತ್ರೆಯ ಗಾಜು ಒಡೆಯುತ್ತಾರೆ. ಇಲ್ಲವೇ ಹಿರಿಯರು "ಅಲ್ಲಾಹನ ವಿಧಿ, ಇನ್ನು ಕೆದಕಿ ಏನು ಪ್ರಯೋಜನ" ಎಂದು ಎಲ್ಲರ ಬಾಯಿ ಮುಚ್ಚಿಸುತ್ತಾರೆ. ಗಾಜು ಒಡೆದವರ ಗತಿ ನಿಮಗೆ ಗೊತ್ತು. ವೈದ್ಯರ ಮೇಲಿನ ಹಲ್ಲೆಗೆಂದೇ ಕರ್ನಾಟಕದಲ್ಲಿ 2009ರಲ್ಲಿ ಪ್ರತ್ಯೇಕ ಕಾನೂನು ಬಂದಿದೆ. ನ್ಯಾಯ ಕೇಳಬೇಕಾದವರೇ ಆರೋಪಿಗಳಾಗಿ ಠಾಣೆಗೆ ಅಲೆಯುತ್ತಾರೆ. ಬಾಯಿ ಮುಚ್ಚಿಸುವ ಹಿರಿಯರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಿದೆ.

ಸಾವಿಗೆ ಸಮಯ ನಿಗದಿಯಾಗಿದೆ ಎಂದು ನಾವೆಲ್ಲ ನಂಬುತ್ತೇವೆ. ಆದರೆ ಅದೇ ನಂಬಿಕೆಯ ಕುರ್‌ಆನ್, ಅನ್ನಿಸಾ ಅಧ್ಯಾಯದಲ್ಲಿ, ಉದ್ದೇಶವಿಲ್ಲದೆ ಆದ ಕೊಲೆಗೂ ಮೃತರ ಮನೆಯವರಿಗೆ ಪರಿಹಾರ ಕೊಡಬೇಕೆಂದು ವಿಧಿಸಿದೆ. ಮನೆಯವರು ತಾವಾಗಿ ಬಿಟ್ಟುಕೊಟ್ಟರೆ ಬೇರೆ ಮಾತು. ವೈದ್ಯ ತಿಳಿಯದವನು ಚಿಕಿತ್ಸೆಗೆ ಕೈಹಾಕಿದರೆ ನಷ್ಟಕ್ಕೆ ಅವನೇ ಹೊಣೆ ಎಂಬ ಅರ್ಥದ ಹದೀಸ್ ಅಬೂದಾವೂದ್‌ನಲ್ಲಿದೆ. ಹೀಗಿರುವಾಗ, ಅಪ್ಪನನ್ನು ಕಳಕೊಂಡ ಮೂರು ಮಕ್ಕಳ ಪರವಾಗಿ ಪರಿಹಾರ ಕೇಳಿದರೆ "ಹೆಣದ ಮೇಲೆ ಹಣ" ಎಂದು ಹಂಗಿಸುವವರು ಯಾವ ಧರ್ಮದ ಮಾತಾಡುತ್ತಿದ್ದಾರೋ ನನಗಂತೂ ಅರ್ಥವಾಗಿಲ್ಲ. ಬಿಟ್ಟುಕೊಡುವ ಹಕ್ಕು ಆ ಮನೆಯವರದು, ಪಕ್ಕದ ಮನೆಯವರದಲ್ಲ.

ಹಾಗೆಂದು ಕೆಟ್ಟ ಫಲಿತಾಂಶವೆಲ್ಲ ವೈದ್ಯರ ತಪ್ಪಲ್ಲ. ಸರಿಯಾಗಿ ಮಾಡಿದ ಶಸ್ತ್ರಚಿಕಿತ್ಸೆಯ ನಂತರವೂ ಸೋಂಕು ಆಗಬಹುದು, ಸರಿಯಾದ ಔಷಧಿಗೂ ದೇಹ ಅಲರ್ಜಿಯಾಗಬಹುದು. ನ್ಯಾಯಾಲಯ ನೋಡುವುದು, ಆ ವಿದ್ಯೆ ಕಲಿತ ಸಾಮಾನ್ಯ ವೈದ್ಯನೊಬ್ಬ ವಹಿಸಬೇಕಾದ ಎಚ್ಚರವನ್ನು ಇವರು ವಹಿಸಿದ್ದರೇ ಎಂದು. ಕ್ರಿಮಿನಲ್ ಕೇಸಿಗೆ ಇಷ್ಟು ಸಾಲದು, ಘೋರ ನಿರ್ಲಕ್ಷ್ಯವೇ ಬೇಕು ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಡಾಕ್ಟರರನ್ನು ಜೈಲಿಗೆ ಹಾಕಿಸುತ್ತೇನೆ ಎಂದು ಹೊರಡುವವರು ಬಹಳ ಸಲ ಬರಿಗೈಲಿ ಮರಳುತ್ತಾರೆ. ಪರಿಹಾರದ ದಾರಿ ಬೇರೆ. 1995ರ ತೀರ್ಪಿನ ನಂತರ, ಹಣ ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ. ಬಿಲ್ಲನ್ನು ವಿಮಾ ಕಂಪನಿ ಕಟ್ಟಿದ್ದರೂ ಸರಿ. ಎಲ್ಲರಿಗೂ ಉಚಿತವಾಗಿರುವ ಸರಕಾರಿ ಆಸ್ಪತ್ರೆ ಮಾತ್ರ ಇದರಿಂದ ಹೊರಗೆ. ಅಲ್ಲಿನ ನಿರ್ಲಕ್ಷ್ಯಕ್ಕೆ ಸಿವಿಲ್ ಕೋರ್ಟಿಗೋ ಹೈಕೋರ್ಟಿಗೋ ಹೋಗಬೇಕಾಗುತ್ತದೆ.

ಯಾವ ದಾರಿ ಹಿಡಿದರೂ ಬೇಕಾಗುವುದು ಕಾಗದ. ನನ್ನ ಕ್ಲಿನಿಕ್ಕಿಗೆ ಬರುವ ಎಷ್ಟೋ ಕುಟುಂಬಗಳ ಪ್ಲಾಸ್ಟಿಕ್ ಚೀಲದಲ್ಲಿ ಎಕ್ಸ್‌ರೇ ಇರುತ್ತದೆ, ಔಷಧಿ ಬಿಲ್ಲು ಇರುತ್ತದೆ, ಡಿಸ್ಚಾರ್ಜ್ ಚೀಟಿ ಇರುತ್ತದೆ. ಆದರೆ ಯಾವ ಹೊತ್ತಿಗೆ ಯಾವ ಚುಚ್ಚುಮದ್ದು ಕೊಟ್ಟರು, ರಕ್ತದೊತ್ತಡ ಎಷ್ಟಿತ್ತು, ರಾತ್ರಿ ಡಾಕ್ಟರ್ ಬಂದಿದ್ದರೇ ಎಂಬುದೆಲ್ಲ ದಾಖಲಾಗಿರುವ ಒಳರೋಗಿ ಫೈಲು ಇರುವುದಿಲ್ಲ. ಸತ್ಯ ಇರುವುದು ಅದರಲ್ಲೇ. ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಅದರ ಪ್ರತಿ ಕೊಡಬೇಕೆಂದು 2002ರ ವೈದ್ಯಕೀಯ ನಿಯಮಾವಳಿ ಹೇಳುತ್ತದೆ. ಬಾಯಿಮಾತಲ್ಲಿ ಕೇಳಬೇಡಿ. ಒಂದು ಹಾಳೆಯಲ್ಲಿ ಬರೆದು ಕೊಡಿ, ಇನ್ನೊಂದು ಪ್ರತಿಯ ಮೇಲೆ ತಲುಪಿದೆ ಎಂದು ಸಹಿ, ಮೊಹರು ಹಾಕಿಸಿಕೊಳ್ಳಿ. ಕೋಪದ ಮಾತು ಬೇಡ. ಜಗಳವಾದ ಮೇಲೆ ಫೈಲು ಸಿಗುವುದು ಕಷ್ಟ.

ನಮ್ಮ ಸಮುದಾಯಕ್ಕೆ ವಿಶೇಷವಾದ ತೊಡಕು ದಫನದ್ದು. ಮಯ್ಯಿತ್ತನ್ನು ತಡಮಾಡದೆ ಮಣ್ಣು ಮಾಡಬೇಕು, ಕೊಯ್ಯಬಾರದು ಎಂಬ ಆತುರದಲ್ಲಿ ಮರಣೋತ್ತರ ಪರೀಕ್ಷೆ ಬೇಡವೆಂದು ಬರೆದುಕೊಟ್ಟು ಬರುತ್ತೇವೆ. ತಿಂಗಳ ನಂತರ ಸಂಶಯ ಎದ್ದರೆ ಗೋರಿ ಅಗೆಯಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮನೆಯವರಿಗೆ ಅದಕ್ಕಿಂತ ದೊಡ್ಡ ಸಂಕಟ ಇನ್ನೇನಿದೆ? ನ್ಯಾಯಕ್ಕೆ ಅನಿವಾರ್ಯವಾದಾಗ ಮರಣೋತ್ತರ ಪರೀಕ್ಷೆಗೆ ಅನುಮತಿ ಇದೆ ಎನ್ನುವ ವಿದ್ವಾಂಸರಿದ್ದಾರೆ. ಗಂಭೀರ ಸಂಶಯವಿದ್ದರೆ ಆ ಹೊತ್ತಿನಲ್ಲೇ ನಿಮ್ಮ ಆಲಿಮರಿಗೆ ಫೋನ್ ಮಾಡಿ ಕೇಳಿ, ಪೊಲೀಸರಿಗೆ ದೂರು ಕೊಡಿ. ಕೆಲವು ಗಂಟೆ ತಡವಾದೀತು, ಆಗಲಿ.

ದೂರು ಕೊಡಲು ಎರಡು ವರ್ಷದ ಅವಧಿ ಇದೆ. ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಿದರೆ ಆಯೋಗ ಒಪ್ಪಬಹುದು, ಆದರೆ ಅದನ್ನು ನೆಚ್ಚಬೇಡಿ. ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು, ಆಸ್ಪತ್ರೆ ಬೇರೆ ಊರಲ್ಲಿದ್ದರೂ. ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಲೂ ಅವಕಾಶವಿದೆ, ಆದರೆ ಇಂಥ ಕೇಸುಗಳಲ್ಲಿ ಇನ್ನೊಬ್ಬ ತಜ್ಞ ವೈದ್ಯರ ಅಭಿಪ್ರಾಯವೇ ಆಧಾರವಾಗುವುದರಿಂದ ವಕೀಲರಿದ್ದರೆ ಒಳ್ಳೆಯದು. ಬೇಗ ಮುಗಿಯುತ್ತದೆ ಎಂದು ನಾನು ಹೇಳಲಾರೆ. ಕೋಲ್ಕತ್ತದಲ್ಲಿ ಚಿಕಿತ್ಸೆ ಪಡೆದು 1998ರಲ್ಲಿ ತೀರಿಕೊಂಡ ಮಹಿಳೆಯೊಬ್ಬರ ಪತಿಗೆ ಸುಪ್ರೀಂ ಕೋರ್ಟ್ ಸುಮಾರು 6 ಕೋಟಿ ರೂಪಾಯಿ ಪರಿಹಾರ ವಿಧಿಸಿದ್ದು 2013ರಲ್ಲಿ. ಆ ಪತಿ ಸ್ವತಃ ವೈದ್ಯರು, ಫೈಲು ಓದಬಲ್ಲವರು. ಅವರಿಗೇ 15 ವರ್ಷ ಹಿಡಿಯಿತು. ಇದನ್ನು ತಿಳಿದೇ ಕೆಲವು ಕಡೆ ಮಧ್ಯವರ್ತಿಗಳು ಸಣ್ಣ ಮೊತ್ತ ಕೈಗಿಟ್ಟು ಸಹಿ ಕೇಳುತ್ತಾರೆ. ರಾಜಿ ತಪ್ಪಲ್ಲ. ಆದರೆ ಓದದ ಕಾಗದಕ್ಕೆ, ಅದೂ ಇದ್ದತ್‌ನಲ್ಲಿ ಕೂತ ವಿಧವೆಯಿಂದ ಸಹಿ ಹಾಕಿಸುವುದು ಅನ್ಯಾಯ.

ಸಹಿಯ ಮಾತು ಬಂತು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದದ್ದು ರೋಗಿ. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ ಮಹಿಳೆಯ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದ ಪ್ರಕರಣದಲ್ಲಿ, ಅದು ಒಪ್ಪಿಗೆಯೇ ಅಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮಲ್ಲಿ ಗಂಡನೋ ಅಣ್ಣನೋ ಸಹಿ ಹಾಕಿ ಮುಗಿಸುತ್ತಾರೆ. ಹೊಟ್ಟೆಯಿಂದ ಏನು ತೆಗೆದರು ಎಂದು ಆಕೆಗೆ ವರ್ಷಗಳ ನಂತರವೂ ಗೊತ್ತಿರುವುದಿಲ್ಲ. ತಂಗಿಯರೇ, ಪ್ರಜ್ಞೆ ಇರುವಾಗ ನೀವೇ ಕೇಳಿ, ನೀವೇ ಸಹಿ ಹಾಕಿ.

ಇದೆಲ್ಲ ದೊಡ್ಡ ಆಸ್ಪತ್ರೆಗೆ ಮಾತ್ರ ಅಂದುಕೊಳ್ಳಬೇಡಿ, ನಮ್ಮಂಥ ಯುನಾನಿ ವೈದ್ಯರಿಗೂ ಅನ್ವಯಿಸುತ್ತದೆ. ಹೋಮಿಯೋಪತಿ ಕಲಿತು ಅಲೋಪತಿ ಔಷಧಿ ಕೊಟ್ಟ ಮುಂಬೈಯ ವೈದ್ಯರೊಬ್ಬರ ರೋಗಿ ತೀರಿಕೊಂಡಾಗ, ತನಗೆ ಗೊತ್ತಿಲ್ಲದ ಪದ್ಧತಿಗೆ ಕೈಹಾಕಿದ್ದೇ ನಿರ್ಲಕ್ಷ್ಯ ಎಂದು 1996ರಲ್ಲಿ ತೀರ್ಪಾಯಿತು. ಗಿಡಮೂಲಿಕೆಗೆ ಅಡ್ಡಪರಿಣಾಮವೇ ಇಲ್ಲ ಎನ್ನುವವರನ್ನು, ಹೆಸರಿಲ್ಲದ ಪುಡಿಯನ್ನು ಪೊಟ್ಟಣ ಕಟ್ಟಿ ಕೊಡುವವರನ್ನು ನಂಬಬೇಡಿ. ಒಂದೆರಡು ದಿನದಲ್ಲೇ ಗಂಟುನೋವು ಮಾಯವಾದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿದೆಯೇ ಎಂದು ಸಂಶಯಪಡಿ. ಔಷಧಿಯ ಹೆಸರು, ಪ್ರಮಾಣ, ತಾರೀಕು, ನೋಂದಣಿ ಸಂಖ್ಯೆ ಇರುವ ಚೀಟಿ ಕೇಳಿ. ನನ್ನ ಹತ್ತಿರ ಬಂದಾಗಲೂ ಕೇಳಿ. ಚೀಟಿ ಬರೆಯಲು ಹಿಂಜರಿಯುವ ಹಕೀಮರಿದ್ದರೆ ಅಲ್ಲಿಂದ ಎದ್ದು ಬನ್ನಿ.