ತಾತ ಹೋದಾಗ ವಯಸ್ಸೆಷ್ಟು?

2025ರ ಜುಲೈ ಮೊದಲ ವಾರ. ಹಾಸನದಿಂದ ಅಮ್ಮ ಫೋನ್ ಮಾಡಿ, ‘ಮಗಾ, ನೀನೂ ಒಂದ್ಸಲ ಇಸಿಜಿ ಮಾಡಿಸ್ಕೊಂಬಿಡು’ ಎಂದಳು. ಬೆಂಗಳೂರಿನ ವಿಜಯನಗರದ ಪಿ.ಜಿ.ಯಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನಗೆ ಆಗ 25 ವರ್ಷ. ನಕ್ಕುಬಿಟ್ಟೆ. ಅಮ್ಮನ ಹೆದರಿಕೆಗೆ ಕಾರಣವಿತ್ತು. ಸುಮಾರು 40 ದಿನಗಳಲ್ಲಿ ನಮ್ಮ ಜಿಲ್ಲೆಯ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದರು.

ನಮ್ಮ ಪಿ.ಜಿ.ಯಲ್ಲೂ ಅದೇ ಮಾತು. ಒಬ್ಬ ಕೋವಿಡ್ ಲಸಿಕೆ ಎಂದ, ಇನ್ನೊಬ್ಬ ಜಿಮ್ ಎಂದ, ಮತ್ತೊಬ್ಬ ಹಣೆಬರಹ ಎಂದ. 2021ರಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗಲೂ ಹೀಗೇ ಮಾತಾಡಿದ್ದೆವು. ನಮಗೆ ಒಬ್ಬನೇ ಅಪರಾಧಿ ಬೇಕು.

ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಹಾಸನದ ಸಾವುಗಳನ್ನು ಪರಿಶೀಲಿಸಿದಾಗ ಅಂಥ ಅಪರಾಧಿ ಸಿಗಲಿಲ್ಲ. ಎಲ್ಲವೂ ಹೃದಯದ ಸಾವುಗಳೂ ಆಗಿರಲಿಲ್ಲ. ಕಂಡದ್ದು ಧೂಮಪಾನ, ಕುಡಿತ, ಬಿಪಿ, ಸಕ್ಕರೆ ಕಾಯಿಲೆ, ಕುಟುಂಬದ ಹಿನ್ನೆಲೆಯಂಥ ಹಳೆಯ ಕಾರಣಗಳೇ. 18ರಿಂದ 45 ವರ್ಷದವರ ಹಠಾತ್ ಸಾವಿನ ಬಗ್ಗೆ ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಧ್ಯಯನವೂ ಲಸಿಕೆಯಿಂದ ಅಪಾಯ ಹೆಚ್ಚಿಲ್ಲ ಎಂದಿತ್ತು. ಅಪಾಯ ಹೆಚ್ಚಿಸುವ ಅಂಶಗಳಲ್ಲಿ ಅದು ಗುರುತಿಸಿದ ಒಂದು, ಮನೆಯಲ್ಲಿ ಹಿಂದೆ ಯಾರಾದರೂ ಹಠಾತ್ತನೆ ಸತ್ತಿರುವುದು.

ಅದನ್ನು ಓದಿದ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ‘ತಾತ ಹೋದಾಗ ವಯಸ್ಸೆಷ್ಟು?’

‘ನಲವತ್ತೆಂಟು. ರಾತ್ರಿ ಎದೆ ಉರಿ ಅಂದ್ರು, ಸೋಡಾ ತಂದುಕೊಟ್ಟೆ. ಬೆಳಗಾಗೋಷ್ಟರಲ್ಲಿ ಇರಲಿಲ್ಲ.’

ನಮ್ಮ ಮನೆಯಲ್ಲಿ ಅದನ್ನು ಇಷ್ಟು ವರ್ಷ ‘ಗ್ಯಾಸ್ಟ್ರಿಕ್’ ಎಂದೇ ಕರೆದಿದ್ದರು. ಚಿಕ್ಕಪ್ಪನಿಗೆ 44ಕ್ಕೇ ಸ್ಟೆಂಟ್ ಹಾಕಿದ್ದೂ ನನಗೆ ಗೊತ್ತಿತ್ತು. ಎರಡನ್ನೂ ಯಾರೂ ಜೋಡಿಸಿ ನೋಡಿರಲಿಲ್ಲ. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ಕ್ಕೆ ಮೊದಲು, ತಾಯಿ ಅಥವಾ ಅಕ್ಕತಂಗಿಯರಿಗೆ 65ಕ್ಕೆ ಮೊದಲು ಹೃದ್ರೋಗ ಬಂದಿದ್ದರೆ ವೈದ್ಯರು ಅದನ್ನು ಎಚ್ಚರಿಕೆಯಾಗಿ ಪರಿಗಣಿಸುತ್ತಾರೆ. ಅಮ್ಮ ನನಗೆ ಹೆದರಿದ್ದಳು. ಆದರೆ ಆ ಲೆಕ್ಕದಲ್ಲಿ ನನಗಿಂತ ಮೊದಲು ನಿಂತಿದ್ದವರು 52 ವರ್ಷದ, ಒಂದು ದಿನವೂ ಬಿಪಿ ನೋಡಿಸದ ಅಪ್ಪ.

ಇಬ್ಬರೂ ಹೋಗಿ ತೋರಿಸಿಕೊಂಡೆವು. ಇಸಿಜಿ ಇಬ್ಬರದೂ ಸರಿಯಿತ್ತು. ಇಸಿಜಿ ಹೇಳುವುದು ಹೆಚ್ಚಾಗಿ ಈ ಹೊತ್ತಿನ ಹೃದಯದ ಸ್ಥಿತಿಯನ್ನು. ರಕ್ತನಾಳದಲ್ಲಿ ನಿಧಾನವಾಗಿ ಕೂಡುತ್ತಿರುವ ಕೊಬ್ಬು ಅದರಲ್ಲಿ ಕಾಣದೇ ಇರಬಹುದು. ಅಪ್ಪನಿಗೆ ಬಿಪಿ ಇತ್ತು, ಕೊಲೆಸ್ಟ್ರಾಲ್ ಇಬ್ಬರಿಗೂ ಜಾಸ್ತಿ. ಹುಟ್ಟಿನಿಂದಲೇ ಕೊಲೆಸ್ಟ್ರಾಲ್ ಹೆಚ್ಚಿರುವ ಆನುವಂಶಿಕ ತೊಂದರೆ ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ರಕ್ತ ಪರೀಕ್ಷೆ ಮಾಡಿಸದೆ ಅದು ತಿಳಿಯುವುದೇ ಕಷ್ಟ.

ಹಾಗಾದರೆ ವಂಶವೇ ಹಣೆಬರಹವೇ? ಅಲ್ಲ. 50 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಆಧರಿಸಿ 2016ರಲ್ಲಿ ಬಂದ ಅಧ್ಯಯನವೊಂದರಲ್ಲಿ, ಆನುವಂಶಿಕ ಅಪಾಯ ಹೆಚ್ಚಿದ್ದವರಲ್ಲೂ ಸಿಗರೇಟು ಬಿಟ್ಟು, ತೂಕ ಹಿಡಿತದಲ್ಲಿಟ್ಟು, ವ್ಯಾಯಾಮ ಮಾಡಿ, ಹಿತವಾಗಿ ಉಂಡವರಿಗೆ ಅಪಾಯ ಸುಮಾರು ಅರ್ಧದಷ್ಟು ಕಡಿಮೆಯಿತ್ತು.

ಇನ್ನು ನಮ್ಮ ದಿನಚರಿ ನೋಡಿ. ಲೈಬ್ರರಿಯಲ್ಲಿ ಹತ್ತು ಗಂಟೆ ಕೂರುವುದು, ಮಧ್ಯೆ ಟೀ–ಸಿಗರೇಟು, ರಾತ್ರಿ ಗಾಡಿಯ ಎಗ್‌ರೈಸ್, ಎರಡು ಗಂಟೆಗೆ ನಿದ್ದೆ. ಕೆಲಸ ಸಿಕ್ಕ ಗೆಳೆಯರದೂ ಬೇರೆಯಲ್ಲ. ಒಬ್ಬ ನೈಟ್ ಶಿಫ್ಟ್‌ನಲ್ಲಿದ್ದಾನೆ, ಇನ್ನೊಬ್ಬ ಕ್ಯಾಬ್ ಓಡಿಸುತ್ತಾನೆ. ಹೊತ್ತಿಗೆ ಸರಿಯಾಗಿ ಉಣ್ಣು, ಮಲಗು ಎಂದು ಅವರಿಗೆ ಉಪದೇಶಿಸುವುದು ಸುಲಭ. ಕೆಲಸ ಕೊಡುವವರು ಪಾಳಿಯನ್ನು ಸರಿಪಡಿಸಿ, ವರ್ಷಕ್ಕೊಮ್ಮೆ ತಪಾಸಣೆ ಮಾಡಿಸದಿದ್ದರೆ ಆ ಉಪದೇಶದಿಂದ ಏನೂ ಆಗದು.

ನಮ್ಮ ಕೈಯಲ್ಲಿರುವುದನ್ನಾದರೂ ಮಾಡೋಣ. ನಾನು ಸಿಗರೇಟು ಬಿಟ್ಟಿದ್ದೇನೆ, ಸಂಜೆ ನಡೆಯುತ್ತೇನೆ. ಅಪ್ಪ ಮಾತ್ರೆ ತಪ್ಪಿಸುತ್ತಿಲ್ಲ. ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ ಎಂಬುದನ್ನು ಮನೆಯವರಿಗೆಲ್ಲ ಹೇಳಿದ್ದೇನೆ. ಎದೆ ಉರಿ ಎಂದರೆ ಇನ್ನು ನಮ್ಮ ಮನೆಯಲ್ಲಿ ಯಾರೂ ಸೋಡಾ ತರಲು ಓಡುವುದಿಲ್ಲ.

ಈ ವಾರ ಊರಿಗೆ ಫೋನ್ ಮಾಡಿದಾಗ ನೀವೂ ಕೇಳಿ: ತಾತ ಹೋದಾಗ ವಯಸ್ಸೆಷ್ಟು?